ಅಮೆರಿಕನ್ನರು ವಲಸಿಗರನ್ನು ಕಾಣುವ ಬಗೆ: ಧರ್ಮದ ಪಾಲೆಷ್ಟು, ಪಕ್ಷದ ಪಾಲೆಷ್ಟು?

ಶಾಲ್ಮಲೆಯ ದಡ
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ವಲಸಿಗರ ಬಗ್ಗೆ ಅಮೆರಿಕನ್ನರು ತಳೆಯುವ ನಿಲುವನ್ನು ಧರ್ಮ ಮತ್ತು ರಾಜಕೀಯ ಹೇಗೆ ರೂಪಿಸುತ್ತವೆ ಎಂಬುದು ನನ್ನ ಪ್ರಬಂಧದ ವಿಷಯ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ, ಅಲ್ಲಿರುವವರ ಅನುಭವ ಬೇಕು.

2018ರಲ್ಲಿ ಅಮೆರಿಕದಲ್ಲಿ ಸಮೀಕ್ಷೆ ನಡೆಸುವ ಪ್ಯೂ ಸಂಶೋಧನಾ ಕೇಂದ್ರ ಒಂದು ನೇರ ಪ್ರಶ್ನೆ ಕೇಳಿತ್ತು: ನಿರಾಶ್ರಿತರಿಗೆ ನೆಲೆ ಕೊಡುವ ಹೊಣೆ ಅಮೆರಿಕದ ಮೇಲಿದೆಯೇ? ಬಿಳಿಯ ಇವ್ಯಾಂಜೆಲಿಕಲ್ ಪ್ರಾಟೆಸ್ಟೆಂಟರಲ್ಲಿ (ಬೈಬಲ್ಲೇ ಅಂತಿಮ ಎಂದು ನಂಬಿ ಅದನ್ನು ಸಾರುವ ಕ್ರೈಸ್ತರು) ಶೇ 68 ಮಂದಿ ಇಲ್ಲ ಎಂದರು. ಯಾವ ಧರ್ಮಕ್ಕೂ ಸೇರದವರಲ್ಲಿ ಶೇ 65 ಮಂದಿ ಹೌದು ಎಂದರು. ಆದರೆ ಬೈಬಲ್‌ ಹೇಳುವುದೇ ಬೇರೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ, ನಿಮ್ಮ ನಡುವೆ ಇರುವ ಪರದೇಶಿಯನ್ನು ನಿಮ್ಮವನಂತೆಯೇ ಪ್ರೀತಿಸಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂದಿದೆ. ಇದನ್ನು ದೇವರ ಮಾತೆಂದು ಅಕ್ಷರಶಃ ನಂಬುವವರೇ ಬಾಗಿಲು ಹಾಕಿ ಎನ್ನುತ್ತಿದ್ದಾರೆ. ನನ್ನ ಮಾರ್ಗದರ್ಶಕರ ಪ್ರಕಾರ ಧರ್ಮ ಬರೀ ಹೊದಿಕೆ, ಒಳಗಿರುವುದು ಪಕ್ಷ. ನನಗೆ ಅದು ಅರ್ಧ ಸತ್ಯ ಎನಿಸುತ್ತದೆ. ನೀವು ಏನು ಹೇಳುತ್ತೀರಿ?

ಮಲೆನಾಡಿನ ಮಂಜು
ನಿಮ್ಮ ಮಾರ್ಗದರ್ಶಕರು ಹೇಳಿದ್ದೇ ಸರಿ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಗ್ಯಾಲಪ್ ಸಮೀಕ್ಷೆ ನೋಡಿ: ವಲಸೆ ಕಡಿಮೆಯಾಗಬೇಕು ಎಂದವರು 2024ರಲ್ಲಿ ಶೇ 55, ಮರುವರ್ಷ ಶೇ 30. ಒಂದೇ ವರ್ಷದಲ್ಲಿ ಅಮೆರಿಕನ್ನರ ದೇವರು ಬದಲಾದನೇ? ಬದಲಾದದ್ದು ಅಧ್ಯಕ್ಷ, ಗಡಿಯ ಸುದ್ದಿ, ಟಿವಿಯಲ್ಲಿ ತೋರಿಸುವ ದೃಶ್ಯ. ಇಷ್ಟು ಬೇಗ ಏರಿಳಿಯುವುದಕ್ಕೆ ಧರ್ಮ ಕಾರಣವಾಗಲು ಸಾಧ್ಯವೇ ಇಲ್ಲ.

ಹಳೆಯ ಮೇಷ್ಟ್ರು
ಮಂಜು ಅವರೇ, ಇನ್ನೂರು ವರ್ಷದ ಕಥೆಯನ್ನು ಒಂದು ವರ್ಷದ ಅಂಕಿಯಿಂದ ಅಳೆಯಬೇಡಿ. ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಪಾಠ ಮಾಡಿದವನು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

1834ರಲ್ಲಿ ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್‌ನಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಮಠಕ್ಕೆ ಗುಂಪೊಂದು ಬೆಂಕಿ ಹಚ್ಚಿತು. ಹತ್ತು ವರ್ಷದ ಬಳಿಕ ಫಿಲಡೆಲ್ಫಿಯಾದಲ್ಲಿ ಗಲಭೆಯಾಗಿ ಎರಡು ಕ್ಯಾಥೊಲಿಕ್ ಚರ್ಚುಗಳು ಸುಟ್ಟುಹೋದವು. ಕಾರಣ ಕೇಳಿ: ಸರ್ಕಾರಿ ಶಾಲೆಯಲ್ಲಿ ಮಕ್ಕಳು ಯಾವ ಬೈಬಲ್ ಓದಬೇಕು ಎಂಬ ಜಗಳ. ಅಲ್ಲಿನ ಬಿಷಪ್ ಕೇಳಿದ್ದು ಇಷ್ಟೇ: ನಮ್ಮ ಮಕ್ಕಳು ನಮ್ಮ ಪಾಠದ ಬೈಬಲ್ ಓದಲಿ. ಅದೇ ಬಾಯಿಂದ ಬಾಯಿಗೆ ಹೋಗಿ, ಐರಿಷರು ಶಾಲೆಯಿಂದ ಬೈಬಲ್ಲನ್ನೇ ಹೊರಹಾಕುತ್ತಾರಂತೆ ಎಂದಾಯಿತು. ಕೆನ್ಸಿಂಗ್ಟನ್ ಎಂಬ ನೇಕಾರರ, ಕೂಲಿಕಾರರ ಕೇರಿಯಲ್ಲಿ ಮನೆಗಳು ಉರಿದವು. ಎರಡೂ ಕಡೆಯವರು ಕ್ರೈಸ್ತರೇ.

ಆ ದ್ವೇಷದ ಮೇಲೆ ಪಕ್ಷವೂ ಎದ್ದಿತು. ಜನ ಅದನ್ನು ‘ನೋ ನಥಿಂಗ್’ (‘ಏನೂ ಗೊತ್ತಿಲ್ಲ’) ಪಕ್ಷ ಎಂದು ಕರೆದರು. 1856ರ ಅಧ್ಯಕ್ಷ ಚುನಾವಣೆಗೆ ಮಾಜಿ ಅಧ್ಯಕ್ಷ ಮಿಲಾರ್ಡ್ ಫಿಲ್ಮೋರ್ ಅವರನ್ನೇ ನಿಲ್ಲಿಸಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಮತ ಪಡೆಯಿತು. ಆ ಕಾಲದಲ್ಲಿ ಹೊರಗಿನವನು ಯಾರು ಎಂಬುದನ್ನು ತೀರ್ಮಾನಿಸಿದ್ದು ಚರ್ಚು, ಪಕ್ಷ ಆಮೇಲೆ ಬಂದದ್ದು.

ಇನ್ನೊಂದು ಮಾತು. 1870ರ ದಶಕದ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ಚೀನೀಯರು ತೊಲಗಲೇಬೇಕು’ ಎಂದು ಬೀದಿ ಭಾಷಣ ಮಾಡಿ ಹೆಸರಾದ ಡೆನಿಸ್ ಕಿಯರ್ನಿ ಯಾರು ಗೊತ್ತೇ? ಐರ್ಲೆಂಡಿನಿಂದ ಬಂದ ವಲಸಿಗ. ಅವನ ಜನರ ಮನೆಗೆ ಬೆಂಕಿ ಬಿದ್ದು ನಲವತ್ತು ವರ್ಷವೂ ಆಗಿರಲಿಲ್ಲ. 1882ರಲ್ಲಿ ಚೀನೀಯರ ಬಹಿಷ್ಕಾರ ಕಾನೂನು ಬಂದೇಬಿಟ್ಟಿತು.

ಕೃಷ್ಣಾ ಕಣಿವೆ
ಮೇಷ್ಟ್ರೇ, 1924ರ ಕಾನೂನನ್ನು ಬಿಟ್ಟುಬಿಟ್ಟಿರಿ. ಇಟಲಿಯ ಕ್ಯಾಥೊಲಿಕರು, ಪೂರ್ವ ಯುರೋಪಿನ ಯಹೂದಿಗಳು ಬಾರದಂತೆ ದೇಶವಾರು ಕೋಟಾ ಹಾಕಿದ್ದು ಅದೇ.

ಹಳೆಯ ಮೇಷ್ಟ್ರು
ಅದು ಧರ್ಮ ಮತ್ತು ಜನಾಂಗ ಎರಡೂ ಬೆರೆತ ಕಾನೂನು, ಆದ್ದರಿಂದಲೇ ಬೇರೆ ಚರ್ಚೆ ಬೇಡುತ್ತದೆ. ಏಷ್ಯಾದವರನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಟ್ಟದ್ದೂ ಅದೇ ಕಾನೂನು.

ನೇತ್ರಾವತಿ ತೀರ
ನಾನು ಮಂಗಳೂರಿನ ಕ್ಯಾಥೊಲಿಕ್, ಈಗ ಷಿಕಾಗೋ ಹತ್ತಿರದ ಒಂದು ಊರಿನಲ್ಲಿದ್ದೇನೆ. ನಮ್ಮ ಚರ್ಚಿನಲ್ಲಿ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಪೂಜೆ, ಮಧ್ಯಾಹ್ನ ಸ್ಪ್ಯಾನಿಷ್ ಪೂಜೆ. ವಲಸೆ ಅಧಿಕಾರಿಗಳು ಚರ್ಚು, ಶಾಲೆ, ಆಸ್ಪತ್ರೆಗಳಿಗೆ ನುಗ್ಗಿ ಬಂಧಿಸಬಾರದೆಂಬ ಹಳೆಯ ಸೂಚನೆಯನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಂಡರಲ್ಲ, ಅದಾದ ಮೇಲೆ ಮಧ್ಯಾಹ್ನದ ಪೂಜೆಗೆ ಬೆಂಚುಗಳು ಖಾಲಿ ಖಾಲಿ. ಹಿಂದೆ ಗೋಡೆಗೆ ಒರಗಿ ನಿಲ್ಲುವಷ್ಟು ಜನ ಬರುತ್ತಿದ್ದರು. ಪೂಜೆ ಶುರುವಾದ ಮೇಲೆ ಸಭಾಭವನದ ಪಕ್ಕದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವ ರೂಢಿ ಬಂದಿದೆ. ಆ ಕೆಲಸ ವಹಿಸಿಕೊಂಡವರು ಪೋಲಿಷ್ ಮೂಲದ ಒಬ್ಬ ಹಿರಿಯರು. ಅವರು ಟ್ರಂಪ್‌ಗೆ ಮತ ಹಾಕಿದವರು, ಅದನ್ನು ಮುಚ್ಚಿಡುವವರೂ ಅಲ್ಲ. ಪ್ರತಿ ವಾರ ಅಕ್ಕಿ, ಬೀನ್ಸ್ ಪೆಟ್ಟಿಗೆಗಳನ್ನು ಆ ಕುಟುಂಬಗಳ ಮನೆಗೆ ತಮ್ಮದೇ ಗಾಡಿಯಲ್ಲಿ ಮುಟ್ಟಿಸುತ್ತಾರೆ.

ಹೇಗೆ ಎಂದು ಕೇಳಿದೆ. ‘ಇವರು ನಮ್ಮ ಚರ್ಚಿನವರು, ಗಡಿಯ ವಿಷಯ ಬೇರೆ’ ಎಂದರು. ಶಾಲ್ಮಲೆ ಅವರೇ, ಇಂಥವರನ್ನು ನಿಮ್ಮ ಕೋಷ್ಟಕದ ಯಾವ ಕಾಲಂಗೆ ಹಾಕುತ್ತೀರಿ? ಸಮೀಕ್ಷೆಯವರು ಫೋನ್ ಮಾಡಿದರೆ ಅವರು ‘ವಲಸೆ ಕಡಿಮೆಯಾಗಲಿ’ ಎಂದೇ ಉತ್ತರಿಸುತ್ತಾರೆ.

ಮಲೆನಾಡಿನ ಮಂಜು
ನೇತ್ರಾವತಿ ಅಕ್ಕ, ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ. ಉಪಾಧ್ಯಕ್ಷ ವಾನ್ಸ್ ಸ್ವತಃ ಕ್ಯಾಥೊಲಿಕ್. ಮೊದಲು ಕುಟುಂಬ, ಆಮೇಲೆ ನೆರೆಯವರು, ಆಮೇಲೆ ದೇಶ, ಕೊನೆಗೆ ಉಳಿದ ಜಗತ್ತು ಎಂದು ಪ್ರೀತಿಗೆ ಕ್ರಮ ಹಾಕಿದರು. 2025ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪ್ಪರಿಗೆ ಪತ್ರ ಬರೆದು, ಆ ಬಗೆಯ ಕ್ರಮವನ್ನು ಒಪ್ಪದೆ, ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಉಪಚರಿಸಿದ ಪರಕೀಯನ, ಅಂದರೆ ಬೈಬಲ್ಲಿನ ಒಳ್ಳೆಯ ಸಮಾರಿಯದವನ ಕಥೆಯನ್ನು ನೆನಪಿಸಿದರು. ನವೆಂಬರ್‌ನಲ್ಲಿ ಬಿಷಪ್ಪರೆಲ್ಲ ಸೇರಿ ವಿವೇಚನೆಯಿಲ್ಲದ ಸಾಮೂಹಿಕ ಗಡೀಪಾರನ್ನು ವಿರೋಧಿಸಿದರು. ಇಷ್ಟಾಗಿಯೂ ಬಿಳಿಯ ಕ್ಯಾಥೊಲಿಕರ ಬಹುಮತ ಎಲ್ಲಿದೆ? ಗುರುಗಳು ಹೇಳುವುದು ಒಂದು, ಭಕ್ತರು ಮತ ಹಾಕುವುದು ಇನ್ನೊಂದು.

ನೇತ್ರಾವತಿ ತೀರ
ಮತವೊಂದೇ ನಿಲುವಲ್ಲ, ಮಂಜು. ಆ ಹಿರಿಯರು ಚಿಲಕ ಹಾಕುತ್ತಾರಲ್ಲ, ಅದೂ ನಿಲುವೇ.

ಲೆಕ್ಕದ ಮನೆ
ಮಿಷಿಗನ್‌ನಿಂದ. ಸಮೀಕ್ಷೆಗಳ ದತ್ತಾಂಶ ನೋಡುವುದು ನನ್ನ ದಿನನಿತ್ಯದ ಕೆಲಸ. ಶಾಲ್ಮಲೆ ಅವರಿಗೆ ಉಪಯೋಗಕ್ಕೆ ಬರುವಂತೆ ಕೆಲವು ಮಾತು.

‘ಧರ್ಮ’ ಎಂಬ ಒಂದೇ ಅಂಕಣ ಇಟ್ಟರೆ ನಿಮ್ಮ ಕೆಲಸ ಕೆಡುತ್ತದೆ. ಯಾವ ಗುಂಪಿಗೆ ಸೇರಿದ್ದೇನೆ ಎಂದು ಹೇಳಿಕೊಳ್ಳುವುದು ಬೇರೆ, ವಾರವಾರ ಚರ್ಚಿಗೆ ಹೋಗುವುದು ಬೇರೆ, ಏನನ್ನು ನಂಬುತ್ತೇನೆ ಎಂಬುದು ಬೇರೆ. ಈ ಮೂರೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಅಮೆರಿಕ ಕ್ರೈಸ್ತ ರಾಷ್ಟ್ರವಾಗಿರಬೇಕು, ನಿಜವಾದ ಅಮೆರಿಕನ್ ಎಂದರೆ ಕ್ರೈಸ್ತ ಎಂದು ಗಟ್ಟಿಯಾಗಿ ನಂಬುವವರು ವಲಸಿಗರ ಬಗ್ಗೆ ಕಠಿಣ. ಇದೊಂದು ನಂಬಿಕೆ, ಆದರೆ ಬೈಬಲ್ ಓದಿ ಬಂದ ನಂಬಿಕೆಯಲ್ಲ, ದೇಶ ಯಾರದು ಎಂಬುದರ ನಂಬಿಕೆ. 2015ರಲ್ಲಿ ಲೈಫ್‌ವೇ ಸಂಸ್ಥೆ ಇವ್ಯಾಂಜೆಲಿಕಲರನ್ನೇ ಕೇಳಿತ್ತು: ವಲಸೆ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಎಲ್ಲಕ್ಕಿಂತ ಹೆಚ್ಚು ರೂಪಿಸಿದ್ದು ಯಾವುದು? ಬೈಬಲ್ ಎಂದವರು ಶೇ 12 ಮಾತ್ರ.

ಎರಡನೆಯದು, ಜನಾಂಗವನ್ನು ಬೇರ್ಪಡಿಸಿ. ಕಪ್ಪು ಪ್ರಾಟೆಸ್ಟೆಂಟರ ನಂಬಿಕೆಗಳು ಹಲವು ವಿಷಯಗಳಲ್ಲಿ ಬಿಳಿಯ ಇವ್ಯಾಂಜೆಲಿಕಲರಿಗೆ ಹತ್ತಿರ, ವಲಸೆಯ ವಿಷಯದಲ್ಲಿ ಬಹಳ ದೂರ. ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಇವ್ಯಾಂಜೆಲಿಕಲರು ಮತ್ತೊಂದು ಬಗೆ.

ಮೂರನೆಯದು ಎಲ್ಲಕ್ಕಿಂತ ತೊಡಕಿನದು. ಪಕ್ಷದ ಪ್ರಭಾವ ತೆಗೆದಿಟ್ಟು ಧರ್ಮದ ಪ್ರಭಾವ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುವಾಗ, ಧರ್ಮ ಮೊದಲೇ ಇದ್ದದ್ದು, ಪಕ್ಷ ಆಮೇಲೆ ಬಂದದ್ದು ಎಂದು ಒಳಗೊಳಗೇ ಒಪ್ಪಿಕೊಂಡಿರುತ್ತೇವೆ. ಪ್ಯೂ ಕೇಂದ್ರ ಒಂದೇ ಜನರನ್ನು 2016ರಲ್ಲೂ 2020ರಲ್ಲೂ ಕೇಳಿ ನೋಡಿತು. ಮೊದಲು ಇವ್ಯಾಂಜೆಲಿಕಲ್ ಅಲ್ಲದಿದ್ದ ಬಿಳಿಯರ ಪೈಕಿ, ಟ್ರಂಪ್ ಅವರನ್ನು ಮೆಚ್ಚಿದವರು ಆಮೇಲೆ ತಮ್ಮನ್ನು ಇವ್ಯಾಂಜೆಲಿಕಲ್ ಎಂದು ಕರೆದುಕೊಳ್ಳುವ ಸಾಧ್ಯತೆ, ಮೆಚ್ಚದವರಿಗಿಂತ ಬಹಳ ಹೆಚ್ಚು. ಅಂದರೆ ಪಕ್ಷವೇ ಧರ್ಮದ ಹೆಸರನ್ನು ಹಂಚುತ್ತಿದೆ. ಹಾಗಾಗಿ ಒಂದು ಸಲದ ಸಮೀಕ್ಷೆ ಸಾಲದು, ಅದೇ ವ್ಯಕ್ತಿಗಳನ್ನು ವರ್ಷಗಳ ಕಾಲ ಹಿಂಬಾಲಿಸಿದ ದತ್ತಾಂಶವನ್ನೇ ಹುಡುಕಿ.

ಮಂಜು ಅವರ ಗ್ಯಾಲಪ್ ಅಂಕಿ ಸರಿಯಾಗಿದೆ. ಅಧಿಕಾರದಲ್ಲಿರುವವರು ಒಂದು ಕಡೆ ಜಗ್ಗಿದರೆ ಜನಾಭಿಪ್ರಾಯ ಇನ್ನೊಂದು ಕಡೆ ಸರಿಯುವುದು ಹಳೆಯ ಕ್ರಮ. ಅದು ಏರಿಳಿತವನ್ನು ವಿವರಿಸುತ್ತದೆ. ಯಾವ ಗುಂಪು ಯಾಕೆ ಮೊದಲಿನಿಂದಲೂ ಒಂದು ತುದಿಯಲ್ಲಿದೆ ಎಂಬುದನ್ನು ವಿವರಿಸುವುದಿಲ್ಲ.

ಶಾಲ್ಮಲೆಯ ದಡ
ಸರ್, ಆ ಮೂರನೆಯ ಮಾತಿಗೆ ಅನಂತ ಧನ್ಯವಾದ. ನಮ್ಮ ವಿಭಾಗದಲ್ಲಿ ಇದನ್ನು ಯಾರೂ ಎತ್ತಿರಲಿಲ್ಲ. ಹಾಗಾದರೆ ಧರ್ಮವೇ ಪಕ್ಷವನ್ನು ಮೀರಿ ನಿಂತ ಉದಾಹರಣೆ ಎಲ್ಲಾದರೂ ಇದೆಯೇ?

ಹೇಮಾವತಿ
ಇದೆ, ಯೂಟಾ. ಸಾಲ್ಟ್ ಲೇಕ್ ಸಿಟಿಯಲ್ಲಿರುವ ಹಾಸನದವಳು ನಾನು. ಈ ರಾಜ್ಯದಲ್ಲಿ ಮೂರು ಸಲವೂ ಟ್ರಂಪ್ ಗೆದ್ದರು. ಆದರೂ 2019ರಲ್ಲಿ, ನಿರಾಶ್ರಿತರನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂಬುದನ್ನು ರಾಜ್ಯಗಳಿಗೆ ಬಿಟ್ಟಾಗ, ಇಲ್ಲಿನ ರಿಪಬ್ಲಿಕನ್ ಗವರ್ನರ್ ಗ್ಯಾರಿ ಹರ್ಬರ್ಟ್ ಅಧ್ಯಕ್ಷರಿಗೆ ಪತ್ರ ಬರೆದು ನಮಗೆ ಇನ್ನಷ್ಟು ಜನರನ್ನು ಕಳಿಸಿ ಎಂದು ಕೇಳಿದರು. 2010ರಲ್ಲಿ ಪಕ್ಕದ ಅರಿಜೋನಾ ಕಠಿಣ ಕಾನೂನು ತಂದಾಗ, ಇಲ್ಲಿನ ಗಣ್ಯರು, ವ್ಯಾಪಾರಸ್ಥರು, ಧರ್ಮಮುಖಂಡರು ‘ಯೂಟಾ ಕಾಂಪ್ಯಾಕ್ಟ್’ ಎಂಬ ಘೋಷಣೆಗೆ ಸಹಿ ಹಾಕಿದರು. ಕುಟುಂಬಗಳನ್ನು ಒಡೆಯಬಾರದು ಎಂಬುದು ಅದರಲ್ಲಿ ಒಂದು ಅಂಶ. ಈ ರಾಜ್ಯದಲ್ಲಿ ಬೇರೂರಿರುವ ಮಾರ್ಮನ್ ಪಂಥದ ಚರ್ಚು ಅದನ್ನು ಬೆಂಬಲಿಸಿತು.

ಇದಕ್ಕೆ ಕಾರಣ ಆ ಸಮುದಾಯದ ನೆನಪು. 1838ರಲ್ಲಿ ಮಿಸೌರಿಯ ಗವರ್ನರ್, ಮಾರ್ಮನ್ನರನ್ನು ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಎಂದು ಲಿಖಿತ ಆಜ್ಞೆ ಹೊರಡಿಸಿದ್ದ. ಅದು ಅಧಿಕೃತವಾಗಿ ರದ್ದಾದದ್ದು 1976ರಲ್ಲಿ. 1847ರ ಜುಲೈನಲ್ಲಿ ಅವರ ಮೊದಲ ತಂಡ ಈ ಕಣಿವೆಗೆ ಬಂದ ದಿನವನ್ನು ರಾಜ್ಯವೆಲ್ಲ ಹಬ್ಬವಾಗಿ ಆಚರಿಸುತ್ತದೆ. ಮಕ್ಕಳು ಕೈಗಾಡಿ ಎಳೆದು ತೋರಿಸುತ್ತಾರೆ. ಮೇಲಾಗಿ, ಅವರ ಯುವಕರು ಧರ್ಮಪ್ರಚಾರಕ್ಕೆಂದು ಮೆಕ್ಸಿಕೊ, ಗ್ವಾಟೆಮಾಲಾ, ಬ್ರೆಜಿಲ್‌ಗಳಲ್ಲಿ ಎರಡು ವರ್ಷ ಇದ್ದು ಬರುತ್ತಾರೆ. ನಮ್ಮ ಬೀದಿಯ ಗ್ಯಾರೇಜಿನ ಬಿಳಿಯ ಹುಡುಗ ಪೆರುವಿನ ಗಿರಾಕಿಯ ಜೊತೆ ಸ್ಪ್ಯಾನಿಷ್‌ನಲ್ಲಿ ಹರಟುವುದನ್ನು ನೋಡಿದರೆ ನಿಮಗೆ ಅರ್ಥವಾಗುತ್ತದೆ.

ಮಲೆನಾಡಿನ ಮಂಜು
ಒಪ್ಪಿದೆ, ಆದರೆ ಕೊನೆಗೆ ಮತ ಹಾಕಿದ್ದು ಗಡೀಪಾರಿನ ಭರವಸೆ ಕೊಟ್ಟವರಿಗೇ.

ಹೇಮಾವತಿ
ಮತ್ತೆ ಅಲ್ಲಿಗೇ ಬರುತ್ತೀರಿ. ಒಂದು ಮತದಲ್ಲಿ ಗರ್ಭಪಾತ, ತೆರಿಗೆ, ಬೆಲೆ ಏರಿಕೆ ಎಲ್ಲವೂ ಇರುತ್ತದೆ. ಸಂಶೋಧಕಿಗೆ ಬೇಕಿರುವುದು ವಲಸಿಗರ ಬಗೆಗಿನ ನಿಲುವು, ಚುನಾವಣಾ ಫಲಿತಾಂಶವಲ್ಲ.

ಡಲ್ಲಾಸ್ ಕನ್ನಡತಿ
ನಮ್ಮವರ ವಿಷಯ ಯಾರೂ ಮಾತನಾಡುತ್ತಿಲ್ಲವಲ್ಲ. ಎಚ್-1ಬಿ ವೀಸಾದಲ್ಲಿ ಬಂದು, ತೆರಿಗೆ ಕಟ್ಟಿ, ಒಂದು ದೇಶಕ್ಕೆ ಶೇ 7 ಎಂಬ ಮಿತಿಯಿಂದಾಗಿ ಗ್ರೀನ್ ಕಾರ್ಡಿಗೆ ಕಾದು ಕಾದು ಕೂದಲು ನೆರೆತವರು ನಾವು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದರು. ಕಾನೂನು ಪಾಲಿಸಿದವರಿಗೆ ಈ ಶಿಕ್ಷೆ, ಗಡಿ ದಾಟಿ ಬಂದವರಿಗೆ ಚರ್ಚಿನ ಅನ್ನ. ನನ್ನ ಸಿಟ್ಟನ್ನು ದ್ವೇಷ ಎನ್ನಬೇಡಿ. ನಾವು ಸಾಲಿನಲ್ಲಿ ನಿಂತವರು.

ಕೃಷ್ಣಾ ಕಣಿವೆ
ಸಾಲಿನಲ್ಲಿ ನಿಂತವರು ಎಂದು ಯಾರಿಗೆ ಹೇಳುತ್ತಿದ್ದೀರಿ, ಅಕ್ಕ? ನಿಮ್ಮ ಟೆಕ್ಸಸ್‌ನ ಶುಗರ್‌ಲ್ಯಾಂಡ್‌ನಲ್ಲಿ 90 ಅಡಿಯ ಹನುಮಂತನ ಮೂರ್ತಿ ನಿಲ್ಲಿಸಿದರು. ಮರುವರ್ಷ ಸೆನೆಟ್ ಸ್ಥಾನಕ್ಕೆ ನಿಂತಿದ್ದ ಒಬ್ಬ ರಿಪಬ್ಲಿಕನ್ ಅಭ್ಯರ್ಥಿ, ಇದು ಕ್ರೈಸ್ತ ದೇಶ, ಸುಳ್ಳು ದೇವರ ಮೂರ್ತಿ ಇಲ್ಲಿ ಯಾಕೆ ಎಂದು ಬಹಿರಂಗವಾಗಿ ಬರೆದ. ಅವನೇನು ವೀಸಾ ತೋರಿಸಿ ಎಂದು ಕೇಳಿದನೇ?

ಹಳೆಯ ಮೇಷ್ಟ್ರು
ಇದಕ್ಕೆ ಹಳೆಯ ಬೇರಿದೆ. 1907ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರನ್ನು ನೂರಾರು ಜನರ ಗುಂಪು ಮನೆಗಳಿಂದ ಎಳೆದು ಊರಿನಿಂದಲೇ ಓಡಿಸಿತು. ಅವರಲ್ಲಿ ಹೆಚ್ಚಿನವರು ಸಿಖ್ಖರು. ಪತ್ರಿಕೆಗಳು ಬರೆದದ್ದು ‘ಹಿಂದೂಗಳು’ ಎಂದು. ಅವರು ಕದ್ದು ಬಂದವರಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಸಾಮಾನ್ಯರ ತಿಳಿವಳಿಕೆಯಲ್ಲಿ ‘ಬಿಳಿಯರು’ ಅಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದವರು. 1946ರಲ್ಲಿ ಪೌರತ್ವದ ದಾರಿ ತೆರೆದಾಗ ಭಾರತಕ್ಕೆ ಕೊಟ್ಟ ಕೋಟಾ ವರ್ಷಕ್ಕೆ 100 ಜನ.

ಡಲ್ಲಾಸ್ ಕನ್ನಡತಿ
ಮೇಷ್ಟ್ರೇ, ಇತಿಹಾಸ ನನಗೂ ಗೊತ್ತು. 1965ರ ಕಾನೂನು ಆ ಕೋಟಾಗಳನ್ನೆಲ್ಲ ಕಿತ್ತುಹಾಕಿತು. ಅಮೆರಿಕದ ದೊಡ್ಡ ಮನಸ್ಸನ್ನೂ ಹೇಳಿ.

ಲೆಕ್ಕದ ಮನೆ
1965ರ ಕಾನೂನು ದೊಡ್ಡ ಹೆಜ್ಜೆಯೇ, ನಾಗರಿಕ ಹಕ್ಕುಗಳ ಚಳವಳಿಯ ಕಾವಿನಲ್ಲಿ ಬಂದದ್ದು. ಆದರೆ ಬಂಧುಗಳಿಗೆ ಆದ್ಯತೆ ಎಂಬ ನಿಯಮಕ್ಕೆ ಒತ್ತು ಕೊಟ್ಟವರಲ್ಲಿ ಹಲವರ ಲೆಕ್ಕಾಚಾರ ಬೇರೆ ಇತ್ತು: ಈಗಾಗಲೇ ಇರುವವರು ಯುರೋಪಿನವರು, ಹಾಗಾಗಿ ಬರುವ ಬಂಧುಗಳೂ ಯುರೋಪಿನವರೇ. ಏಷ್ಯಾ, ಲ್ಯಾಟಿನ್ ಅಮೆರಿಕದಿಂದ ಇಷ್ಟು ಜನ ಬರುತ್ತಾರೆಂದು ಅವರು ಎಣಿಸಿರಲಿಲ್ಲ.

ಅಯೋವಾ ಹೊಲ
ಚರ್ಚೆ ದಾರಿ ತಪ್ಪುವ ಮೊದಲು ಒಂದು ಊರಿನ ಹೆಸರು ಹೇಳುತ್ತೇನೆ, ಪೋಸ್ಟ್‌ವಿಲ್. ಈಶಾನ್ಯ ಅಯೋವಾದಲ್ಲಿ ಎರಡು ಸಾವಿರ ಚಿಲ್ಲರೆ ಜನರ ಊರು. ಹಸಿದಿಕ್ ಎಂಬ ಸಂಪ್ರದಾಯನಿಷ್ಠ ಪಂಥದ ಯಹೂದಿಗಳು ಅಲ್ಲಿ ತಮ್ಮ ಧರ್ಮದ ನಿಯಮದಂತೆ ಮಾಂಸ ಸಂಸ್ಕರಿಸುವ ದೊಡ್ಡ ಕಾರ್ಖಾನೆ ನಡೆಸುತ್ತಿದ್ದರು. ಕೆಲಸಗಾರರಲ್ಲಿ ಬಹುಪಾಲು ಗ್ವಾಟೆಮಾಲಾದವರು. ಸುತ್ತಲ ರೈತರು ಜರ್ಮನ್, ನಾರ್ವೇಜಿಯನ್ ಮೂಲದ ಲೂಥರನ್ನರು, ಪ್ರಾಟೆಸ್ಟೆಂಟರಲ್ಲೇ ಒಂದು ಪಂಥದವರು. 2008ರ ಮೇ 12ರಂದು ಅಧಿಕಾರಿಗಳು ದಾಳಿ ಮಾಡಿ 389 ಜನರನ್ನು ಬಂಧಿಸಿದರು. ವಾಟರ್ಲೂ ನಗರದ ಜಾನುವಾರು ಪ್ರದರ್ಶನದ ಮೈದಾನದಲ್ಲಿ ತಾತ್ಕಾಲಿಕ ನ್ಯಾಯಾಲಯ ಹೂಡಿ, ಗುಂಪು ಗುಂಪಾಗಿ ವಿಚಾರಣೆ ಮುಗಿಸಿದರು.

ಉಳಿದ ಹೆಂಗಸರು ಮಕ್ಕಳು ಓಡಿದ್ದು ಸೇಂಟ್ ಬ್ರಿಜೆಟ್ ಎಂಬ ಕ್ಯಾಥೊಲಿಕ್ ಚರ್ಚಿಗೆ. ಬೆಂಚುಗಳ ಮೇಲೆ ಮಲಗಿದರು. ಬಿಡುಗಡೆಯಾದ ತಾಯಂದಿರ ಕಾಲಿಗೆ ಪಹರೆಯ ಪಟ್ಟಿ ಕಟ್ಟಿದ್ದರು. ಕೆಲಸ ಮಾಡುವಂತಿಲ್ಲ, ಊರು ಬಿಡುವಂತಿಲ್ಲ. ತಿಂಗಳುಗಟ್ಟಲೆ ಅವರ ಬಾಡಿಗೆ, ಊಟ ನೋಡಿಕೊಂಡದ್ದು ಚರ್ಚುಗಳು. ನೆರವಿಗೆ ಬಂದವರಲ್ಲಿ ಲೂಥರನ್ನರೂ ಇದ್ದರು, ಯಹೂದಿ ಸಂಘಟನೆಗಳೂ ಇದ್ದವು.

ಅಯೋವಾ ಆ ವರ್ಷ ಒಬಾಮಾ ಅವರನ್ನು ಗೆಲ್ಲಿಸಿತು, 2012ರಲ್ಲೂ. 2016ರಿಂದ ಮೂರು ಸಲ ಟ್ರಂಪ್ ಅವರನ್ನು. ಚರ್ಚುಗಳು ಅವೇ, ಓದುವ ಬೈಬಲ್ ಅದೇ. ಆದ್ದರಿಂದ ಪಕ್ಷ ಮುಖ್ಯವಲ್ಲ ಎಂದು ನಾನು ಹೇಳಲಾರೆ. ಆದರೆ ಕಣ್ಣೆದುರಿಗೆ ಮಗುವಿನ ತಂದೆಯನ್ನು ಎಳೆದೊಯ್ದಾಗ ಈ ಜನ ಮೊದಲು ನೆನೆದದ್ದು ಪಕ್ಷವನ್ನಲ್ಲ.

ಶಾಲ್ಮಲೆಯ ದಡ
ನೇತ್ರಾವತಿ ಅವರ ಹಿರಿಯರು, ಯೂಟಾದ ಗ್ಯಾರೇಜ್ ಹುಡುಗ, ಪೋಸ್ಟ್‌ವಿಲ್‌ನ ಲೂಥರನ್ನರು, ಎಲ್ಲರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದಾರೆ. ವಲಸಿಗರನ್ನು ಮುಖಾಮುಖಿಯಾಗಿಸುವ ಧರ್ಮ ಒಂದು ರೀತಿ ಕೆಲಸ ಮಾಡುತ್ತದೆ, ‘ನಾವು’ ಯಾರು ಎಂಬ ಬೇಲಿಯಾಗುವ ಧರ್ಮ ಅದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ರಾಜಕಾರಣಿಗೆ ಎರಡನೆಯದು ಸುಲಭವಾಗಿ ಒದಗುತ್ತದೆ. ಈ ದಿಕ್ಕಿನಲ್ಲಿ ಅಧ್ಯಾಯ ಬರೆಯಬಹುದೇ?

ಲೆಕ್ಕದ ಮನೆ
ಬರೆಯಿರಿ. ಆದರೆ ಒಂದು ಎಚ್ಚರ: ಚರ್ಚಿಗೆ ಬಂದ ಎಲ್ಲರೂ ವಲಸಿಗರನ್ನು ಕಾಣುವುದಿಲ್ಲ. ಬಿಳಿಯರೇ ತುಂಬಿದ ಚರ್ಚಿನಲ್ಲಿ ಮುಖಾಮುಖಿ ಎಲ್ಲಿಂದ ಬರಬೇಕು? ಚರ್ಚಿನ ಜನಾಂಗೀಯ ಬೆರಕೆಯನ್ನೂ ಅಳೆಯಿರಿ.

ಮಲೆನಾಡಿನ ಮಂಜು
ಶಾಲ್ಮಲೆ ಅವರೇ, ರಾಜಕಾರಣಿಯ ಪಾಲನ್ನು ಒಂದೇ ವಾಕ್ಯದಲ್ಲಿ ಮುಗಿಸಬೇಡಿ. 1986ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಅಕ್ರಮ ವಲಸಿಗರು ಸಕ್ರಮವಾದರು. ರೇಗನ್‌ಗೆ ಇವ್ಯಾಂಜೆಲಿಕಲರ ಬೆಂಬಲ ಕಡಿಮೆಯೇನೂ ಇರಲಿಲ್ಲ. 2012ರಲ್ಲೂ ಅವರ ದೊಡ್ಡ ಮುಖಂಡರು ಸೇರಿ ಸುಧಾರಣೆ ಬೇಕೆಂದು ವೇದಿಕೆ ಕಟ್ಟಿದರು. 2013ರಲ್ಲಿ ಸೆನೆಟ್ 68 ಮತಗಳಿಂದ ಮಸೂದೆ ಅಂಗೀಕರಿಸಿತು. ಕೆಳಮನೆಯ ರಿಪಬ್ಲಿಕನ್ ನಾಯಕರು ಅದನ್ನು ಮತಕ್ಕೇ ಹಾಕಲಿಲ್ಲ. ಆಮೇಲೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಪಕ್ಷ ತಿರುಗಿತು, ಜನ ತಿರುಗಿದರು, ಮುಖಂಡರು ಒಂಟಿಯಾದರು. ನನ್ನ ಪಟ್ಟು ಇದೇ.

ನೇತ್ರಾವತಿ ತೀರ
ತಿರುಗದವರನ್ನೂ ಎಣಿಸಿ. 2018ರಲ್ಲಿ ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿದಾಗ ಅಟಾರ್ನಿ ಜನರಲ್ ಸೆಷನ್ಸ್, ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಹೇಳಿ ಸರ್ಕಾರಕ್ಕೆ ವಿಧೇಯರಾಗಿರಿ ಎಂದರು. ಟ್ರಂಪ್ ಅವರ ಗಟ್ಟಿ ಬೆಂಬಲಿಗ, ಇವ್ಯಾಂಜೆಲಿಕಲ್ ಬೋಧಕ ಫ್ರಾಂಕ್ಲಿನ್ ಗ್ರಹಾಂ ಕೂಡ ಆ ಬೇರ್ಪಡಿಸುವಿಕೆಯನ್ನು ನಾಚಿಕೆಗೇಡು ಎಂದರು. ಸರ್ಕಾರ ಆ ಪದ್ಧತಿಯನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಬೇಕಾಯಿತು. ಧರ್ಮದ ದನಿಗೆ ಅಷ್ಟಾದರೂ ತೂಕ ಇದೆ.

ಕೃಷ್ಣಾ ಕಣಿವೆ
1982ರಲ್ಲಿ ಅರಿಜೋನಾದ ಟುಸಾನ್‌ನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು ಎಲ್ ಸಾಲ್ವಡಾರ್, ಗ್ವಾಟೆಮಾಲಾದಿಂದ ಓಡಿಬಂದವರಿಗೆ ಬಹಿರಂಗವಾಗಿ ಆಶ್ರಯ ಘೋಷಿಸಿದ್ದನ್ನೂ ಸೇರಿಸಿ. ಪಾದ್ರಿ ಜಾನ್ ಫೈಫ್ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು. ಆಗ ಅಧಿಕಾರದಲ್ಲಿದ್ದವರು ಅದೇ ರೇಗನ್.

ಡಲ್ಲಾಸ್ ಕನ್ನಡತಿ
ಶಾಲ್ಮಲೆ, ನನ್ನದೊಂದು ಬೇಡಿಕೆ. ಬರೀ ಕ್ರೈಸ್ತರ ನಿಲುವು ಬರೆದು ನಿಲ್ಲಿಸಬೇಡಮ್ಮಾ. ನಮ್ಮಂಥ ಹಿಂದೂ ವಲಸಿಗರು ಬೇರೆ ವಲಸಿಗರನ್ನು ಹೇಗೆ ಕಾಣುತ್ತಾರೆ ಎಂಬುದನ್ನೂ ಕೇಳು. ನನ್ನನ್ನೇ ಮೊದಲು ಕೇಳು, ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ. ನನ್ನ ಸಿಟ್ಟಿಗೆ ಕಾರಣವಿದೆ, ಅದನ್ನು ಯಾರಾದರೂ ಸರಿಯಾಗಿ ಬರೆದಿಡಬೇಕು.

ಶಾಲ್ಮಲೆಯ ದಡ
ಖಂಡಿತ ಕೇಳುತ್ತೇನೆ ಅಕ್ಕ, ಖಾಸಗಿ ಸಂದೇಶ ಕಳಿಸಿದ್ದೇನೆ. ಲೆಕ್ಕದ ಮನೆ ಸರ್, ಸಮೀಕ್ಷೆಗಳಲ್ಲಿ ಹಿಂದೂಗಳ ಸಂಖ್ಯೆ ಸಾಕಾಗುತ್ತದೆಯೇ?

ಲೆಕ್ಕದ ಮನೆ
ಸಾಮಾನ್ಯ ಸಮೀಕ್ಷೆಗಳಲ್ಲಿ ಸಾಲುವುದಿಲ್ಲ, ಒಂದು ಸುತ್ತಿನಲ್ಲಿ ಬೆರಳೆಣಿಕೆಯಷ್ಟು ಸಿಗುತ್ತಾರೆ. ಪ್ಯೂ ಕೇಂದ್ರದ 2023–24ರ ಧಾರ್ಮಿಕ ಸಮೀಕ್ಷೆಯಲ್ಲಿ 36 ಸಾವಿರಕ್ಕೂ ಹೆಚ್ಚು ಜನರಿದ್ದಾರೆ, ಅದರಿಂದ ಶುರು ಮಾಡಿ. ಜೊತೆಗೆ ಏಷ್ಯನ್ ಅಮೆರಿಕನ್ನರನ್ನೇ ಗುರಿಯಾಗಿಸಿ ನಡೆಸಿದ ಅವರ ಸಮೀಕ್ಷೆಯೂ ಇದೆ. ದತ್ತಾಂಶ ಇಳಿಸಿಕೊಂಡ ಮೇಲೆ ಪ್ರತಿಯೊಬ್ಬರಿಗೂ ಕೊಟ್ಟಿರುವ ತೂಕದ ಅಂಕಣವನ್ನು (ಸಮೀಕ್ಷೆಗೆ ಕಡಿಮೆ ಸಿಕ್ಕ ಗುಂಪುಗಳನ್ನು ಸರಿದೂಗಿಸುವ ಅಂಕಿ) ಬಿಡದೆ ಬಳಸಿ. ಎಲ್ಲಿ ಸಿಕ್ಕಿಕೊಂಡರೂ ಇಲ್ಲೇ ಬರೆಯಿರಿ, ವಾರಾಂತ್ಯದಲ್ಲಿ ನೋಡುತ್ತೇನೆ.